ವಿವಿಯನ್ ಸಾಹೇಬನ ಕಲ್ಲಿನಿಂದ ಹದಿನಾಲ್ಕು ಅಡಿ

ಸತ್ತವರ ಪಟ್ಟಿ ಮಾಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದಾಗ ನಿವೃತ್ತಿಗೆ ಮೂರು ತಿಂಗಳು ಹನ್ನೊಂದು ದಿನ ಉಳಿದಿತ್ತು. ಬದುಕಿದ್ದವರ ಪಟ್ಟಿ ಮಾಡುತ್ತಲೇ ಮೂವತ್ತನಾಲ್ಕು ವರ್ಷ ಸವೆಸಿದವನು ನಾನು. ಮತದಾರರು, ಪಿಂಚಣಿಯವರು, ಬೆಳೆ ಹಾಳಾದವರು, ಮನೆ ಬಿದ್ದವರು, ಮಧ್ಯೆ ಮಧ್ಯೆ ದನಗಳು. ಈಚೆಗೆ ಗ್ರಾಮ ಲೆಕ್ಕಿಗ ಅನ್ನುವ ಹೆಸರು ತೆಗೆದು ನಮ್ಮನ್ನು ಗ್ರಾಮ ಆಡಳಿತ ಅಧಿಕಾರಿ ಮಾಡಿದ್ದಾರೆ. ಬ್ಯಾಗು ಅದೇ, ಬಸ್ಸು ಅದೇ, ಮಂಡಿನೋವೂ ಅದೇ. ಹೊಳೆನರಸೀಪುರದಲ್ಲಿ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ನಿಂತು, ಸೀಟು ಸಿಕ್ಕಿದರೆ ಅದನ್ನೇ ಒಳ್ಳೆಯ ದಿನ ಎಂದುಕೊಳ್ಳುವಷ್ಟರ ಮಟ್ಟಿಗೆ ನನ್ನ ಆಸೆಗಳು ಇಳಿದಿದ್ದವು.

ಸತ್ತವರು ಅಂದರೆ ಹೊನ್ನೇಬಾರೆಯ ಸತ್ತವರು. ಹೊನ್ನೇಬಾರೆ ಈಗ ಊರಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಬಿಳಿಯರು ಬಂದು ಅಲ್ಲಿ ಚಿನ್ನಕ್ಕೆಂದು ಗುಂಡಿ ತೋಡಿದರು. ಹದಿನೈದು ವರ್ಷ ತೋಡಿ, ಹನ್ನೊಂದು ಜನ ತಮ್ಮವರನ್ನೂ ಲೆಕ್ಕವಿಲ್ಲದಷ್ಟು ನಮ್ಮವರನ್ನೂ ಹೂತು, ಬಿಟ್ಟು ಹೋದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮವರೇ ಮತ್ತೆ ಗುಂಡಿಯ ನೀರು ಹೊರಗೆ ಹೊಡೆಸಿ, ಕ್ಯಾಂಪು ಕಟ್ಟಿ, ಒಂಬತ್ತು ವರ್ಷ ಹುಡುಕಿ ಅರವತ್ತೇಳರಲ್ಲಿ ಬೀಗ ಹಾಕಿದರು. ಈಗ ಉಳಿದಿರುವುದು ಮುರಿದ ಚಿಮಣಿ, ಸಾಲುಮನೆಗಳ ಬುನಾದಿ, ಜಾಲಿ ಬೆಳೆದ ಸ್ಮಶಾನ. ಅಲ್ಲಿ ಸಿಕ್ಕ ಚಿನ್ನವನ್ನು ಒಟ್ಟು ಮಾಡಿದರೆ ಒಂದು ಮದುವೆಗೆ ಸಾಲದು ಎಂದು ಸುತ್ತಲ ಹಳ್ಳಿಯವರು ನಗುತ್ತಾರೆ.

ಈಗ ಮೂರನೇ ಸಲ ಯಾರಿಗೋ ಅಲ್ಲಿ ಚಿನ್ನ ಕಾಣಿಸಿದೆ. ಕೊರೆಯುವ ಯಂತ್ರ ನಿಲ್ಲಿಸಲು ಸ್ಮಶಾನದ ಜಾಗವೇ ಸಮತಟ್ಟಾಗಿ ಸಿಕ್ಕಿತು. ಅಲ್ಲಿ ಯಾರ್‍ಯಾರು ಮಲಗಿದ್ದಾರೆ ಎಂದು ಪಟ್ಟಿ ಮಾಡಿ, ವಾರಸುದಾರರು ಮೂವತ್ತು ದಿನದಲ್ಲಿ ಬಂದರೆ ಅಸ್ಥಿ ತೆಗೆದುಕೊಟ್ಟು, ಬಾರದಿದ್ದರೆ ನೆಲ ಮಟ್ಟ ಮಾಡಬೇಕು ಎಂದು ಆದೇಶ. ಅದರ ಜೊತೆಗೇ ಇನ್ನೊಂದು ಕಡತ. ಆ ಹನ್ನೊಂದು ಬಿಳಿಯರ ಕಡೆಯವರು ಇಂಗ್ಲೆಂಡಿನಿಂದ ಕಾಗದ ಬರೆದಿದ್ದರು, ಡಿಸೆಂಬರಿನಲ್ಲಿ ನೋಡಲು ಬರುತ್ತಾರಂತೆ. ಕೂಡಲೇ ಮೇಲಿನಿಂದ ‘ಸಮಾಧಿ ಕಲ್ಲುಗಳ ಜೋಡಣೆ ಮತ್ತು ಸುಂದರೀಕರಣ’ ಮಂಜೂರಾಯಿತು. ಚನ್ನರಾಯಪಟ್ಟಣದ ಹರ್ಷವರ್ಧನ್ ಎಂಬ ಕಂಟ್ರಾಕ್ಟರು ಕೆಲಸ ಮುಗಿಸಿ, ನಾಲ್ಕು ಫೋಟೋ ತಂದು ನನ್ನ ಮೇಜಿನ ಮೇಲಿಟ್ಟ. ಸುಣ್ಣ ಬಳಿದ ಕಲ್ಲುಗಳು, ಕೆಳಗೆ ಕೆಂಪು ಹಳದಿ ಟೈಲ್ಸು. ಸ್ಥಳ ಪರಿಶೀಲಿಸಿದ್ದೇನೆ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಸ್ಥಳಕ್ಕೆ ಹೋಗಿರಲಿಲ್ಲ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆಯಬೇಕಿತ್ತು, ಮಂಡಿ ಊದಿತ್ತು. ಕೋಣ ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜಾತಿಗೆ ನಾನು ಸೇರಿ ಬಹಳ ಕಾಲವಾಗಿತ್ತು.

ಮೂವತ್ತು ದಿನದಲ್ಲಿ ಬಂದ ವಾರಸುದಾರರು ಒಬ್ಬರೇ. ಮಲ್ಲಿಪಟ್ಟಣದ ಕಡೆಯ ಸರಸಮ್ಮ, ಎಪ್ಪತ್ತೇಳು ವರ್ಷದ ಮುದುಕಿ. ಬಂದವಳೇ ನನ್ನ ಎದುರಿನ ಬೆಂಚಿನಲ್ಲಿ ಕೂತು, ಪಿಂಚಣಿ ವಿಷಯವಲ್ಲ ಎಂದು ಮೊದಲೇ ಹೇಳಿಬಿಟ್ಟಳು. ನನ್ನ ಮುಖದಲ್ಲಿ ಏನು ಕಂಡಿತೋ.

ಅವಳ ಗಂಡ ಕ್ಯಾಂಪಿನಲ್ಲಿ ಗಣಿಯೊಳಗೆ ಆಳುಗಳ ತೊಟ್ಟಿಲು ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ನಿನ ಕೆಲಸಕ್ಕಿದ್ದ. ಕ್ಯಾಂಪು ಮುಚ್ಚುವ ಹಿಂದಿನ ವರ್ಷ, ಗೌರಿ ಹಬ್ಬಕ್ಕೆ ಒಂದು ವಾರವಿದೆ ಅನ್ನುವಾಗ, ಅವರ ಮೊದಲ ಮಗು ತೀರಿಕೊಂಡಿತು. ಗಂಡು ಮಗು, ಹುಟ್ಟಿ ಎಂಟು ದಿನ. ಗಂಡ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋದ. ಬಂದು ಸ್ನಾನ ಮಾಡಿ, ಎರಡು ಮುದ್ದೆ ಉಂಡು, ರಾತ್ರಿ ಪಾಳಿಗೆ ಹೊರಟ. ಎಲ್ಲಿ ಇಟ್ಟೆ ಎಂದು ಬಾಣಂತಿ ಕೇಳಿದ್ದಕ್ಕೆ ‘ಅಲ್ಲೇ’ ಅಂದ, ಅಷ್ಟೆ. ಹೆತ್ತವಳು ಕೂಸನ್ನು ಹೂತ ಗುಡ್ಡೆ ನೋಡಿದರೆ ಮುಂದಿನದೂ ನಿಲ್ಲುವುದಿಲ್ಲ ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಆಮೇಲೆ ಎರಡು ಹೆಣ್ಣಾದವು. ದೊಡ್ಡವಳು ಕೋಮಲಾ ಹಾಸನದಲ್ಲಿದ್ದಾಳೆ. ಗಂಡ ಒಂಬತ್ತು ವರ್ಷದ ಹಿಂದೆ ಹೋದ. ಸಾಯುವವರೆಗೆ ಆ ಮಗುವಿನ ಮಾತು ಅವನ ಬಾಯಲ್ಲಿ ಬರಲಿಲ್ಲ. ಇದನ್ನೆಲ್ಲ ಸರಸಮ್ಮ ಪಕ್ಕದ ಮನೆಯವರ ಕತೆಯ ಹಾಗೆ ಹೇಳಿದಳು, ಆ ಎರಡು ಮುದ್ದೆಯ ಮಾತು ಬಂದಾಗ ಮಾತ್ರ ಧ್ವನಿ ಬಿರುಸಾಯಿತು.

ಅಸ್ಥಿ ತೆಗೆಸಿಕೊಡಬೇಕೇ ಎಂದು ಕೇಳಿದೆ. ಎಂಟು ದಿನದ ಕೂಸಿನ ಅಸ್ಥಿ ಇನ್ನೆಲ್ಲಿ ಇದ್ದಾತು ಎಂದು ನನಗೇ ಬುದ್ಧಿ ಹೇಳಿದಳು. ಅವಳಿಗೆ ಬೇಕಾದದ್ದು ಇಷ್ಟೆ. ಜೆಸಿಬಿ ಬರುವ ಮೊದಲು ಆ ಜಾಗ ತೋರಿಸಬೇಕು, ಅವಳು ಹಾಲು ತುಪ್ಪ ಬಿಡಬೇಕು.

ಸತ್ತವರ ಗುಡ್ಡೆಗೆ ಹಾಲು ತುಪ್ಪ ಬಿಡುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಆದರೆ ಹಲ್ಲು ಬಾರದ ಕೂಸಿಗೆ ಇಲ್ಲ. ಅದಕ್ಕೆ ಎಡೆಯಿಲ್ಲ, ತಿಥಿಯಿಲ್ಲ. ಮಣ್ಣಿಗೆ ಹಾಕಿದ ಮೇಲೆ ಮುಗಿಯಿತು. ನಾನು ಶಾಸ್ತ್ರ ಹೇಳಲು ಹೋದೆ. ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಶಾಸ್ತ್ರವೂ ಆಗುತ್ತದೆ.

“ಐವತ್ತೇಳು ವರ್ಸ ಆಯ್ತಲ್ಲ ಸಾ,” ಅಂದಳು ಸರಸಮ್ಮ. “ಬದುಕಿದ್ದಿದ್ರೆ ಅದ್ಕೂ ಮೊಮ್ಮಕ್ಕಳಾಗಿರವು. ಇನ್ನೂ ಕೂಸು ಕೂಸು ಅಂತ ಎಷ್ಟು ದಿನ ಉಪಾಸ ಕೆಡವಾದು?”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಯಾರ ಮೇಲೆಂದು ಗೊತ್ತಾಗದ ಸಿಟ್ಟು. ಗುಡ್ಡೆಗಳಿಗೆ ನೆಟ್ಟಿದ್ದ ನಂಬರಿನ ಕಬ್ಬಿಣದ ಗೂಟಗಳನ್ನು ಗುಜರಿಯವರು ಯಾವಾಗಲೋ ಕಿತ್ತುಕೊಂಡು ಹೋಗಿದ್ದರು. ಉಳಿದದ್ದು ಹಳೆಯ ಹೂಳುವ ದಾಖಲೆ ಪುಸ್ತಕ ಒಂದೇ. ದಾಖಲೆ ಕೋಣೆಯಿಂದ ಅದನ್ನು ತರಿಸಿ ಎರಡು ವಾರದಿಂದ ನನ್ನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಮೊದಲ ಅರ್ಧ ಇಂಗ್ಲಿಷು, ಆಮೇಲಿನದು ಯಾವನೋ ಅಚ್ಚುಕಟ್ಟಾದ ಗುಮಾಸ್ತನ ಕನ್ನಡ. ಅವಳ ಪಿಂಚಣಿ ಕಾರ್ಡಿನಿಂದ ಗಂಡನ ಹೆಸರು ಬರೆದುಕೊಂಡೆ: ಲಕ್ಕಣ್ಣ. ಅವಳ ಬಾಯಿಂದ ಅದು ಬರುವುದಿಲ್ಲ ಎಂದು ಗೊತ್ತಿತ್ತು. ಆ ತಲೆಮಾರಿನ ಹೆಂಗಸರು ಗಂಡನ ಹೆಸರನ್ನಾಗಲಿ, ಮಾವನ ಹೆಸರನ್ನಾಗಲಿ ಹೇಳುವವರಲ್ಲ.

ಅವತ್ತು ಸಂಜೆಯೇ ಪುಸ್ತಕ ನೋಡಿದೆ. ನೋಡಿದೆ ಅಂದರೆ, ಹೆಸರಿನ ಕಲಮಿನ ಮೇಲೆ ಬೆರಳು ಓಡಿಸಿದೆ. ಒಂಬತ್ತು ವರ್ಷದಲ್ಲಿ ‘ಹೆಸರಿಲ್ಲದ ಶಿಶು’ ಎಂದು ಏಳು ಕಡೆ ಇತ್ತು. ಅರವತ್ತಾರರ ಗೌರಿ ತಿಂಗಳಲ್ಲಿ ಒಂದೂ ಇರಲಿಲ್ಲ. ಹಸುಗೂಸೆಂದು ಬರೆಸದೇ ಹೂತಿರುತ್ತಾರೆ ಎಂದು ತೀರ್ಮಾನಿಸಿ, ಮರುದಿನ ಬಂದವಳಿಗೆ ಇಲ್ಲವಮ್ಮ ಎಂದು ಹೇಳಿ ಕಳಿಸಿದೆ. ಅವಳು ಎದ್ದು ಹೋದಳು. ಎರಡು ದಿನ ಬಿಟ್ಟು ಮತ್ತೆ ಬಂದಳು, ಮತ್ತೆ ಕಳಿಸಿದೆ.

ಮೂವತ್ತನೇ ದಿನ ಶನಿವಾರ. ಸೋಮವಾರ ಬೆಳಿಗ್ಗೆ ನೆಲ ಮಟ್ಟ ಮಾಡುವ ಕೆಲಸ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿರುವಾಗ ಸರಸಮ್ಮ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಕೈಚೀಲವಿತ್ತು.

“ನೀವು ನಿಮ್ಮಷ್ಟಕ್ಕೆ ಓದ್ಕಂಡು ಇಲ್ಲ ಅಂದ್ರಿ. ನಂಗೆ ಕೇಳಂಗೆ ಓದಿ ಸಾ,” ಅಂದಳು. “ಆಮ್ಯಾಕೆ ಬರಕ್ಕಿಲ್ಲ.”

ಆಮೇಲೆ ಬರುವುದಿಲ್ಲ ಎಂಬ ಮಾತು ನನಗೆ ಹಿತವಾಯಿತು, ನಿಜ ಹೇಳುತ್ತೇನೆ. ಪೀಡೆ ಕಳೆಯಲಿ ಎಂದು ಪುಸ್ತಕ ತೆಗೆದು, ಆ ತಿಂಗಳ ಹೆಸರುಗಳನ್ನು ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಒದರುತ್ತಾ ಹೋದೆ. ಆರೋಗ್ಯಸ್ವಾಮಿ, ನಲವತ್ತು. ಬಸವಲಿಂಗಮ್ಮ, ಅರವತ್ತೆರಡು. ತಿಮ್ಮಪ್ಪ, ಎಂಟು.

ತಲೆಯೆತ್ತಿದಾಗ ಸರಸಮ್ಮ ಬೆಂಚಿನಿಂದ ಎದ್ದು ನಿಂತಿದ್ದಳು. ಸೆರಗು ತಲೆಯ ಮೇಲೆ ಬಂದಿತ್ತು. ಒಳಗೆ ಯಾರೋ ಹಿರಿಯರು ಬಂದ ಹಾಗೆ ಗೋಡೆಗೆ ಸರಿದು ನಿಂತಿದ್ದಳು.

ಏನಾಯಿತು ಎಂದು ಕೇಳಿದೆ. ಅದು ಅವಳ ಮಾವನ ಹೆಸರು. ಕ್ಯಾಂಪಿನ ಸಾಲುಮನೆಯಲ್ಲಿ ಆ ಹೆಸರಿನವರು ಬೇರೆ ಇರಲಿಲ್ಲ, ಮತ್ತು ಮಾವ ಸತ್ತದ್ದು ಎಪ್ಪತ್ತೊಂಬತ್ತರಲ್ಲಿ, ಊರಲ್ಲಿ. ಇದು ಎಂಟು ವರ್ಷದ ಹುಡುಗ ಕಣಮ್ಮ ಎಂದು ನಾನು ಹೇಳುತ್ತಿದ್ದ ಹಾಗೆಯೇ ನನ್ನ ನಾಲಗೆ ನಿಂತಿತು. ವಯಸ್ಸಿನ ಕಲಮಿನಲ್ಲಿ ಗುಮಾಸ್ತ ಬರೀ ಎಂಟು ಎಂದು ಬರೆದಿದ್ದ, ವರ್ಷವೋ ದಿನವೋ ಬರೆದಿರಲಿಲ್ಲ. ನಮ್ಮಲ್ಲಿ ಮೊದಲ ಗಂಡು ಮಗುವಿಗೆ ಇಡುವುದು ತಾತನ ಹೆಸರು. ಮುಂದಿನ ಕಲಮಿಗೆ ಬೆರಳು ಸರಿಸಿದೆ, ಅಲ್ಲಿಯವರೆಗೆ ಒಂದು ಸಲವೂ ಸರಿಸಿರಲಿಲ್ಲ. ತಂದವರು: ವೈಂಡಿಂಗ್ ಲಕ್ಕಣ್ಣ. ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು.

ಎಂಟನೇ ದಿನಕ್ಕೆ ನಾಮಕರಣ ಆಗಿರುವುದಿಲ್ಲ. ಆ ಮನುಷ್ಯ ಗುಂಡಿಯ ದಡದಲ್ಲಿ ಪಂಚೆಯ ಗಂಟು ಹಿಡಿದು ನಿಂತಿರಬೇಕು. ಹೆಸರೇನು ಎಂದು ಗುಮಾಸ್ತ ಕೇಳಿರಬೇಕು. ಉಳಿದ ಏಳು ಜನ ಅಪ್ಪಂದಿರ ಹಾಗೆ ಇಲ್ಲ ಎನ್ನಬಹುದಿತ್ತು. ಇವನು ತನ್ನ ಅಪ್ಪನ ಹೆಸರನ್ನು ಮಗುವಿಗಿಟ್ಟು, ಹೆಬ್ಬೆಟ್ಟು ಒತ್ತಿ, ಮನೆಗೆ ಬಂದು ಮುದ್ದೆ ಉಂಡಿದ್ದ.

ನಾನು ಓದಿ ಹೇಳಿದೆ. ಸರಸಮ್ಮ ಆ ಹೆಬ್ಬೆಟ್ಟನ್ನು ನೋಡಬಹುದೇ ಎಂದು ಕೇಳಿದಳು. ತೋರಿಸಿದೆ. ಮುಟ್ಟಲಿಲ್ಲ, ಬಗ್ಗಿ ನೋಡಿದಳು.

“ಗಂಡಾಗ್ಲಿಲ್ಲ ಅಂತ ಒಂದಿನ ಅಂದವರಲ್ಲ,” ಅಂದಳು. “ಅಪ್ಪನ ಎಸ್ರು ಇಡಕ್ಕೆ ಒಂದು ಗಂಡು ಬೇಕು ಅಂತ ಎಲ್ರೂ ಎಗರಾಡೋರು, ಇವ್ರು ಬಾಯೇ ಬಿಡ್ತಿರ್ಲಿಲ್ಲ. ಕಲ್ಲು ಕಣ್ ಸಾ ಈ ಗಂಡ್ಸು ಅಂತಿದ್ದೆ. ಇಟ್ಬುಟ್ಟು ಬಂದಿದ್ರಲ್ಲ.”

ಕೊನೆಯ ಕಲಮು ಸ್ಥಳದ್ದು. ‘ವಿವಿಯನ್ ಕಲ್ಲಿನಿಂದ ಪೂರ್ವಕ್ಕೆ 14 ಅಡಿ.’ ವಿವಿಯನ್ ಆ ಹನ್ನೊಂದು ಬಿಳಿಯರಲ್ಲೊಬ್ಬ. ಹಿಂದಿನ ಮುಂದಿನ ಪುಟ ಮಗುಚಿದೆ. ಎಲ್ಲವೂ ಹಾಗೆಯೇ. ನಮ್ಮವರಿಗೆ ಕಲ್ಲು ನಿಲ್ಲಿಸುವ ಗತಿಯಿರಲಿಲ್ಲ, ಅದಕ್ಕೇ ಗುಮಾಸ್ತ ಪ್ರತಿ ಗುಡ್ಡೆಯನ್ನೂ ಹತ್ತಿರದ ಬಿಳಿಯನ ಕಲ್ಲಿನಿಂದ ಟೇಪು ಹಿಡಿದು ಅಳೆದಿದ್ದ. ಗೂಟ ಹೋದರೂ ಕಲ್ಲು ಹೋಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಎಂಥ ಕೆಲಸಗಾರ ಎಂದು ಮನಸ್ಸು ತುಂಬಿ ಬಂತು. ಎಷ್ಟೋ ವರ್ಷದ ಮೇಲೆ ನನಗೆ ಕೆಲಸದಲ್ಲಿ ಖುಷಿಯಾಗಿತ್ತು. ಅಳತೆ ಟೇಪು ಹುಡುಕಿ ತೆಗೆದು, ಆಟೋ ಕರೆಸಿ, ಸರಸಮ್ಮನನ್ನು ಹತ್ತಿಸಿಕೊಂಡು ಹೊರಟೆ. ಅವಳ ಕೈಚೀಲದಲ್ಲಿ ಹಾಲಿನ ತಂಬಿಗೆಯೂ ತುಪ್ಪದ ಡಬ್ಬಿಯೂ ಇದ್ದವು. ಬರುವಾಗಲೇ ತಂದಿದ್ದಳು.

ಹೊನ್ನೇಬಾರೆಯಲ್ಲಿ ಇಳಿದಾಗ ಮೊದಲು ಕಂಡದ್ದು ಸುಂದರೀಕರಣದ ಬೋರ್ಡು. ಅದರ ಕೆಳಗೆ, ರಸ್ತೆಯ ಅಂಚಿನಲ್ಲೇ, ಹನ್ನೊಂದು ಕಲ್ಲುಗಳು ಪಂಕ್ತಿಗೆ ಕೂತ ಹಾಗೆ ಒಂದೇ ಸಾಲಿನಲ್ಲಿ ನಿಂತಿದ್ದವು. ಮುಂದೆ ಕೆಂಪು ಹಳದಿ ಟೈಲ್ಸಿನ ಅಂಗಳ. ಹಿಂದೆ, ಸ್ಮಶಾನವಿದ್ದ ಕಡೆ, ಜಾಲಿಯನ್ನೆಲ್ಲ ಕೆರೆದು ಹಾಕಿದ ಬೋಳು ಕೆಂಪು ನೆಲ. ಅಲ್ಲಿ ಕಲ್ಲಿಲ್ಲ, ಕಲ್ಲಿದ್ದ ಗುಳಿಯೂ ಇಲ್ಲ.

ಹರ್ಷವರ್ಧನನಿಗೆ ಫೋನು ಮಾಡಿದೆ. ಕಲ್ಲುಗಳು ಒಂದೊಂದು ಒಂದೊಂದು ಮೂಲೆಯಲ್ಲಿದ್ದರೆ ಫೋಟೋದಲ್ಲಿ ಹಿಡಿಯುವುದಿಲ್ಲ, ಬಂದವರು ಮುಳ್ಳಿನಲ್ಲಿ ಸುತ್ತಬೇಕಾಗುತ್ತದೆ, ಅದಕ್ಕೇ ಎತ್ತಿಸಿ ಸಾಲಾಗಿ ನಿಲ್ಲಿಸಿದೆ ಎಂದ. ವಿವಿಯನ್ನನದು ಎಲ್ಲಿತ್ತು ಎಂದು ಕೇಳಿದೆ. ಜೆಸಿಬಿಯಲ್ಲಿ ಎತ್ತುವಾಗ ಯಾವುದು ಯಾರದು ಎಂದು ಯಾರು ನೋಡುತ್ತಾರೆ ಎಂದ. ಅವನ ದನಿಯಲ್ಲಿ ಸೊಕ್ಕಿರಲಿಲ್ಲ, ಆಶ್ಚರ್ಯವಿತ್ತು.

“ಜೋಡಣೆ ಅಂತಲೇ ಇತ್ತಲ್ಲ ಸಾ ಆರ್ಡರ್‌ನಲ್ಲಿ. ನೀವೇ ನೋಡಿ ಸೈನ್ ಹಾಕ್ಕೊಟ್ಟಿದ್ದೀರಿ.”

ಕಲ್ಲು ಮಾತ್ರ ಬಂದಿತ್ತು, ಸಾಹೇಬರು ಹಿಂದೆಯೇ ಎಲ್ಲೋ ಉಳಿದಿದ್ದರು. ಅವರ ಜೊತೆ ಪುಸ್ತಕದ ನೂರಾರು ಹೆಸರುಗಳೂ ಉಳಿದಿದ್ದವು. ಗೂಟ ಕದ್ದವನಿಗೂ ಆಗದ ಕೆಲಸವನ್ನು ನನ್ನ ಒಂದು ಸಹಿ ಮಾಡಿತ್ತು.

ಸರಸಮ್ಮ ಚಪ್ಪಲಿ ಬಿಟ್ಟು, ತಂಬಿಗೆ ಹಿಡಿದು, ನಾನು ದಾರಿ ತೋರಿಸಲಿ ಎಂದು ನಿಂತಿದ್ದಳು. ಸುಳ್ಳು ಹೇಳುವುದು ಸುಲಭವಿತ್ತು. ಆ ಬೋಳು ನೆಲದಲ್ಲಿ ಎಲ್ಲಿಗಾದರೂ ಟೇಪು ಹಿಡಿದು ‘ಇಲ್ಲೇ’ ಎಂದರೆ ಮುಗಿಯುತ್ತಿತ್ತು. ಸುಳ್ಳು ನನಗೆ ಹೊಸದಲ್ಲ, ಆಗದ ಮಳೆಗೂ ಬೆಳೆಯದ ಬೆಳೆಗೂ ಬರೆದುಕೊಟ್ಟವನು. ಆದರೆ ಒಬ್ಬ ಅವಳಿಗೆ ‘ಅಲ್ಲೇ’ ಎಂದು ಐವತ್ತೇಳು ವರ್ಷವಾಗಿತ್ತು. ನನ್ನ ಬಾಯಲ್ಲಿ ಆ ಮಾತು ಹೊರಡಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಕಲ್ಲು ಕಿತ್ತಿದ್ದಾರೆ, ಎಲ್ಲಿತ್ತೋ ಗೊತ್ತಿಲ್ಲ, ನೋಡದೆ ಸಹಿ ಹಾಕಿದವನು ನಾನೇ. ಕಾಲು ನೋವಿತ್ತು ಎಂಬುದನ್ನೂ ಹೇಳಿದೆ. ಯಾಕೆ ಹೇಳಿದೆನೋ, ಅದು ಸಣ್ಣ ಮಾತು, ಆದರೆ ನಿಜ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋಳು ನೆಲವನ್ನು ಒಂದು ಸಲ, ಕಲ್ಲಿನ ಸಾಲನ್ನು ಒಂದು ಸಲ ನೋಡಿ, ಆ ವಿವಿಯನ್ ಯಾವುದು ಎಂದು ಕೇಳಿದಳು. ಬಲದಿಂದ ನಾಲ್ಕನೆಯದರಲ್ಲಿ ಸುಣ್ಣದ ಕೆಳಗೆ ಹೆಸರು ಮಬ್ಬಾಗಿ ಕಂಡಿತು.

“ಇಲ್ಲಿಂದಾನೇ ಅಳೀರಿ,” ಅಂದಳು.

ಇಲ್ಲಿಂದ ಅಳೆದರೆ ಏನೂ ಸಿಗುವುದಿಲ್ಲ ಕಣಮ್ಮ, ಇದು ಬರೀ ಕಲ್ಲು ಎಂದೆ.

“ಬುಕ್ಕಿನಾಗೆ ಈ ಕಲ್ಲಿಂದ ಅಂತ ತಾನೆ ಬರ್ದಿರಾದು? ಅಳೀರಿ.”

ಆಟೋದವನು ಟೇಪಿನ ತುದಿ ಕಲ್ಲಿಗೊತ್ತಿ ಹಿಡಿದ, ನಾನು ಪೂರ್ವಕ್ಕೆ ಎಳೆದುಕೊಂಡು ನಡೆದೆ. ಹದಿನಾಲ್ಕನೇ ಅಡಿ ಟೈಲ್ಸಿನ ಅಂಗಳದ ಮೇಲೆ ಬಿತ್ತು, ಒಂದು ಹಳದಿ ಟೈಲಿನ ನಡುವೆ. ಸರಸಮ್ಮ ಅಲ್ಲಿ ಕೂತು, ತುಪ್ಪವನ್ನು ಹಾಲಿಗೆ ಬೆರೆಸಿ, ನಿಧಾನವಾಗಿ ಬಿಟ್ಟಳು.

ಹಾಲು ಇಂಗಲಿಲ್ಲ. ಟೈಲಿನ ಮೇಲೆ ಹರಡಿ, ಸಂದಿನ ಗೆರೆ ಹಿಡಿದು ಹರಿದು, ರಸ್ತೆಯ ಕಡೆಗೆ ಇಳಿಯತೊಡಗಿತು. ಬಿಟ್ಟ ಹಾಲನ್ನು ಮಣ್ಣು ಕುಡಿಯಬೇಕು, ಕುಡಿಯದಿದ್ದರೆ ಸತ್ತವರು ಒಲ್ಲೆ ಅಂದ ಹಾಗೆ. ಅವಳು ತಂಬಿಗೆ ಎತ್ತಿ ಹಿಡಿದು ಕಾದಳು. ಇನ್ನೂ ಅರ್ಧ ಉಳಿದಿತ್ತು. ಇಂಗದ ಹಾಲನ್ನೇ ನೋಡುತ್ತಾ ಕೂತಿದ್ದಳು.

ಆಟೋದಲ್ಲಿ ಚಕ್ರ ಬಿಚ್ಚುವ ಕಬ್ಬಿಣದ ರಾಡಿತ್ತು. ತೆಗೆದುಕೊಂಡು ಬಂದು, ಮಂಡಿಯೂರಿ, ಸಂದಿಗೆ ತೂರಿಸಿ ಮೀಟಿದೆ. ಸರ್ಕಾರದ ಸ್ವತ್ತು, ನಾನೇ ಸರಿಯಾಗಿದೆ ಎಂದು ಬರೆದುಕೊಟ್ಟದ್ದು. ಮೊದಲನೇ ಟೈಲು ಒಡೆಯಿತು, ಪಕ್ಕದ ಮೂರು ಇಡಿಯಾಗಿ ಬಂದವು. ಕೆಳಗಿನ ಜಲ್ಲಿಪುಡಿಯನ್ನು ಕೈಯಲ್ಲೇ ಬಗೆದೆ. ಒಂದು ಗೇಣು ಇಳಿದ ಮೇಲೆ ಕೆಂಪು ಮಣ್ಣು ಸಿಕ್ಕಿತು. ಮಂಡಿ ಹರಿದು ಹೋಗುತ್ತಿತ್ತು, ಎದ್ದೇಳಲು ಆಗದೆ ಅಲ್ಲೇ ಕೂತೆ.

ಸರಸಮ್ಮ ತಂಬಿಗೆ ಬಗ್ಗಿಸಿದಳು, ಆದರೆ ಬಿಡಲಿಲ್ಲ.

“ಕೂಗಿ ಸಾ,” ಅಂದಳು.

ಯಾರನ್ನು ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

“ಅದು ಇಲ್ಲಿಲ್ಲ ಅಂತ ನಂಗೂ ಗೊತ್ತು. ಎಲ್ಲಿದ್ರೂ ಬಂದು ಕುಡೀಲಿ. ಆ ಎಸ್ರು ನನ್ನ ಬಾಯಾಗೆ ಬರಂಗಿಲ್ಲ. ನೀವು ಕೂಗಿ.”

ನನಗೆ ನಾಚಿಕೆಯಾಯಿತು. ಆಟೋದವನು ನೋಡುತ್ತಿದ್ದ. ಹೆಸರಿಟ್ಟು ಐವತ್ತೇಳು ವರ್ಷವಾಗಿತ್ತು, ಅದನ್ನು ಹಿಡಿದು ಆ ಮಗುವನ್ನು ಯಾರೂ ಒಂದು ಸಲವೂ ಕರೆದಿರಲಿಲ್ಲ. ಬೋಳು ನೆಲದ ಕಡೆ ತಿರುಗಿ, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ಹಾಗೆ, “ತಿಮ್ಮಪ್ಪಾ” ಎಂದು ಕೂಗಿದೆ. ಇನ್ನೂ ಗಟ್ಟಿಯಾಗಿ ಅಂದಳು ಸರಸಮ್ಮ. ಇನ್ನೂ ಗಟ್ಟಿಯಾಗಿ ಕೂಗಿದೆ. ಮೂರನೇ ಸಲ ಕೂಗುವಾಗ ನನಗೆ ಅಳು ತಡೆಯಲಾಗಲಿಲ್ಲ, ಅವಳು ಹಾಲು ಬಿಟ್ಟಳು, ಮಣ್ಣು ಕುಡಿಯಿತು.